ಎರಡನೇ ಹಾಡಿನವರೆಗೆ

ಕೊಯ್ವುಲ,
ಜೂನ್ ೧೫, ೨೦೧೪, ಭಾನುವಾರ

ಪ್ರೀತಿಯ ಅಕ್ಕಾ,

ಗಂಟಲು ಹೇಗಿದೆ? ಕೆಮ್ಮು ನಿಂತಿತೇ? ಚಿಕ್ಕಮ್ಮನ ಮಂಡಿ ಈಗ ಮೆಟ್ಟಿಲು ಹತ್ತಲು ಬಿಡುತ್ತದೆಯೇ? ದ್ವೀಪದಲ್ಲಿ ಗಾಳಿ ಜೋರು, ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡೇ ಹೊರಗೆ ಹೋಗಬೇಕು ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ಬರೆದಿದ್ದೇನೆ. ಸುತ್ತಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು. ನಾವಿಲ್ಲಿ ಚೆನ್ನಾಗಿದ್ದೇವೆ, ಸೊಳ್ಳೆಗಳು ನಮಗಿಂತ ಚೆನ್ನಾಗಿವೆ. ಊರೂರು ಸುತ್ತುವ ನಮ್ಮ ಅಂಗಡಿ ಬಸ್ಸಿನ ಹಿಂದಿನ ಬಾಗಿಲು ಮತ್ತೆ ಕೈಕೊಟ್ಟಿತ್ತು, ನಾನೇ ಬಿಚ್ಚಿ ಸರಿಮಾಡಿದೆ. ಮೆಕ್ಯಾನಿಕ್ ಶಾಲೆಯನ್ನು ಪೂರ್ತಿ ಮುಗಿಸಿದ್ದರೆ ಇನ್ನೂ ಬೇಗ ಆಗುತ್ತಿತ್ತು ಎಂದು ಅಮ್ಮ ಪಕ್ಕದಲ್ಲೇ ನಿಂತು ಹೇಳುತ್ತಿದ್ದಳು. ಅವಳ ಮಾತು ನಿಜವಿರಬಹುದು. ಆದರೆ ಕುರ್ಚಿಯ ಮೇಲೆ ಕೂತು ಬಾಗಿಲಿನ ಬಗ್ಗೆ ಓದುವುದು ನನ್ನಿಂದ ಆಗುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ. ಈ ಪತ್ರ ಬರೆಯಲು ಕೂತಮೇಲೆ ಆಗಲೇ ಎರಡು ಸಲ ಎದ್ದು ಹೊರಗೆ ಹೋಗಿ ಬಂದಿದ್ದೇನೆ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಕೇಳಿದ್ದಕ್ಕೆ ಉತ್ತರ ಮನೆಯಲ್ಲಿ ಕೂತು ಬರೆಯುವಂಥದ್ದಾಗಿರಲಿಲ್ಲ. “ಯೂಸೋ, ನಮ್ಮ ಮನೆಯಲ್ಲಿ ಸುಳ್ಳು ಹೇಳಲು ಬರದವನು ನೀನೊಬ್ಬನೇ. ನನ್ನ ಆಲ್ಬಮ್ ಕೇಳಿ ಜನ ನಿಜವಾಗಿ ಏನು ಅನ್ನುತ್ತಾರೆ, ಅದನ್ನು ಬರೆ” ಎಂದು ಬರೆದಿದ್ದೀಯ. ಅದರ ಕೆಳಗೆ, ‘ಒಬ್ಬ ಕೇಳುಗ’ ಎಂಬ ಹೆಸರಿನಲ್ಲಿ ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ ಮಾತನ್ನು ಎರಡು ಗೆರೆ ಎಳೆದು ನಕಲು ಮಾಡಿದ್ದೀಯ: “ಕಂಠ ಚೆನ್ನಾಗಿದೆ. ಆದರೆ ಈ ಹುಡುಗಿ ಎದುರಿಗೆ ಯಾರೂ ಇಲ್ಲದವಳ ಹಾಗೆ ಹಾಡುತ್ತಾಳೆ.” ಇದೇ ಎಲ್ಲರ ಅಭಿಪ್ರಾಯವಾದರೆ ನಡುಬೇಸಿಗೆ ಹಬ್ಬದ ಹಿಂದಿನ ದಿನ ನಮ್ಮೂರ ಕುಣಿತದ ಮಂಟಪದಲ್ಲಿ ಹಾಡಲು ಬರುವುದಿಲ್ಲ, ಆ ಶುಕ್ರವಾರಕ್ಕೂ ಇಲ್ಲ, ಇನ್ಯಾವ ಶುಕ್ರವಾರಕ್ಕೂ ಇಲ್ಲ ಎಂದಿದ್ದೀಯ. ಟೀವಿಯ ಸ್ಪರ್ಧೆಯಲ್ಲಿ ಎರಡನೆಯವಳಾಗಿ ಬಂದಾಗ ಇಡೀ ದೇಶ ಚಪ್ಪಾಳೆ ತಟ್ಟಿದ್ದು ನಿನ್ನ ಕಿವಿಗೆ ಈಗ ಕೇಳಿಸುತ್ತಿಲ್ಲ, ಈ ಒಂದು ಸಾಲು ಮಾತ್ರ ಕೇಳಿಸುತ್ತಿದೆ. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಮ್ಮನನ್ನು ಕೇಳಿದರೆ ಹನ್ನೆರಡು ಹಾಡೂ ಬಂಗಾರ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ, ಮೂರನೇ ತರಗತಿಯಲ್ಲಿ ನಾನು ಬಿಡಿಸಿದ ಕುದುರೆಯೂ ಅವಳಿಗೆ ಬಂಗಾರವೇ ಆಗಿತ್ತು. ಹಾಗಾಗಿ ನಿನ್ನ ಸಿ.ಡಿ.ಗಳನ್ನು ಬಸ್ಸಿನ ಕೌಂಟರಿನ ಮೇಲೆ, ಕಾಫಿಪುಡಿಗೂ ಉಪ್ಪುಮೀನಿಗೂ ನಡುವೆ, ಎದ್ದು ಕಾಣುವ ಹಾಗೆ ಇಟ್ಟುಕೊಂಡು ಹೊರಟೆ. ಕೊಂಡುಕೊಂಡವರಿಗೆಲ್ಲ ಒಂದೇ ಮಾತು ಹೇಳಿದೆ: ಮುಂದಿನ ಸಲ ಗಾಡಿ ಬಂದಾಗ ಹೇಗಿದೆ ಅಂತ ಹೇಳಬೇಕು, ನನ್ನ ಅಕ್ಕ ಅಂತ ದಾಕ್ಷಿಣ್ಯ ಮಾಡಬಾರದು. ನಮ್ಮ ಜನಕ್ಕೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಮೊದಲನೆಯ ಸುತ್ತಿನಲ್ಲಿ ಹಾಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ಎಲ್ಲರೂ ಮಾತಾಡಿದ್ದು ಮುಖಪುಟದ ಚಿತ್ರದ ಬಗ್ಗೆ. ಹೆಲ್ಸಿಂಕಿಯ ಯಾವುದೋ ಕಟ್ಟಡದ ತಾರಸಿಯ ಮೇಲೆ ನಿನ್ನನ್ನು ಬರಿಗಾಲಲ್ಲಿ ನಿಲ್ಲಿಸಿದ್ದಾರಲ್ಲ, ಅದು. “ಪಾಪ, ಶೂ ಯಾರು ಕದ್ದರಂತೆ?” ಎಂದು ಕೇಳಿದವರು ಐದು ಜನ. ಮೊದಲು ಅಂಚೆ ಹಂಚುತ್ತಿದ್ದ ಔನೆ ಅಜ್ಜಿಯೂ ಅವರಲ್ಲಿ ಒಬ್ಬಳು. ಮುಂದಿನ ಸಲ ಹೋದಾಗ ಅವಳು ಕಪ್ಪಗೆ ಸೀದ ಏಲಕ್ಕಿ ಬನ್ನುಗಳ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. “ತಗೋ, ಇದು ನಿಮ್ಮಕ್ಕನ ಕೆಲಸ. ನಾಲ್ಕನೇ ಹಾಡು ಬಂತು, ಕೇಳ್ತಾ ನಿಂತ್ಬಿಟ್ಟೆ, ಒಲೆ ಮರೆತೇಹೋಯ್ತು” ಎಂದಳು. ಹಾಗಾದರೆ ಹಾಡು ಚೆನ್ನಾಗಿದೆ ಅಂತ ಬರೆದುಕೊಳ್ಳಲೇ ಎಂದು ಕೇಳಿದೆ. “ಚೆನ್ನಾಗಿದೆ ಅಂತ ನಾನೆಲ್ಲಿ ಅಂದೆ? ಬನ್ನು ಸೀದೋಯ್ತು ಅಂದೆ” ಎಂದಳು. ಆಮೇಲೆ ಬಸ್ಸಿನ ಮೆಟ್ಟಿಲು ಇಳಿಯುತ್ತಾ ತಿರುಗಿ, “ಆದ್ರೆ ಆ ಹುಡುಗಿ ಯಾಕೋ ನಮ್ಮನ್ನ ಬಿಟ್ಟು ಬಿಟ್ಟು ಹೋಗ್ತಾಳಪ್ಪ” ಎಂದಳು. ಆಗ ನನಗೆ ಅದು ಅರ್ಥವಾಗಲಿಲ್ಲ. ಬನ್ನು ಮಾತ್ರ ತಿಂದೆ, ಒಳಗೆ ಚೆನ್ನಾಗಿತ್ತು.

ಉಳಿದವರೂ ಹೆಚ್ಚುಕಡಿಮೆ ಹೀಗೇ. ಕಂಠದಲ್ಲಿ ತಪ್ಪು ಹುಡುಕಿದವರು ಒಬ್ಬರೂ ಇಲ್ಲ. ಆದರೆ ಯಾರ ಮುಖದಲ್ಲೂ ಖುಷಿಯಿಲ್ಲ. ಏನೋ ಅವಮಾನವಾದವರ ಹಾಗೆ ಸುಮ್ಮನೆ ಬ್ರೆಡ್ಡು ಹಾಲು ತೆಗೆದುಕೊಂಡು ಇಳಿದುಹೋಗುತ್ತಿದ್ದರು. ಕೇಳಿದರೆ “ಇರಲಿ ಬಿಡು” ಅನ್ನುತ್ತಿದ್ದರು. ಅಕ್ಕಾ, ಸುಳ್ಳು ಹೇಳುವುದಿಲ್ಲ, ಆಗ ನನಗೆ ಭಯವಾಯಿತು. ನಿನಗೆ ಈ ಪತ್ರ ಬರೆಯುವುದೇ ಬೇಡ ಅನ್ನಿಸಿತ್ತು.

ಗುಟ್ಟು ಬಿಟ್ಟುಕೊಟ್ಟವನು ಕಾಲೆರ್ವೊ ತಾತ. ಜೀವಮಾನವಿಡೀ ಕಾಡಿನಲ್ಲಿ ಮರ ಕಡಿದು ಈಗ ಸೊಂಟ ಹಿಡಿದುಕೊಂಡು ಓಡಾಡುತ್ತಾನಲ್ಲ, ಅವನೇ. ಮಂಗಳವಾರ ಸಿ.ಡಿ. ಕೊಂಡವನು ಗುರುವಾರ ಬಂದು ಅದನ್ನು ಕೌಂಟರಿನ ಮೇಲೆ ಇಟ್ಟ. “ವಾಪಸ್ ತಗೋ. ದುಡ್ಡು ಬೇಡ. ಇದು ನಮ್ಮ ಮನೇಲಿ ಇರೋದು ಬೇಡ.” ಯಾಕೆ ತಾತ ಅಂದೆ. ಎಳೆದೆಳೆದು ಹೇಳಿದ. ಮಂಗಳವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಹಾಡು ಹಾಕಿದನಂತೆ. ಮೊದಲನೆಯದೇ ಟ್ಯಾಂಗೊ. ಎಷ್ಟೋ ವರ್ಷದ ಮೇಲೆ ಕುಣಿಯಲು ಮನಸ್ಸಾಗಿ, ಎದ್ದು ಹೋಗಿ ಮಾರ್ತ್ತ ಅಜ್ಜಿಯ ಮುಂದೆ ತಲೆಬಾಗಿದನಂತೆ. ಅಜ್ಜಿ ಏಪ್ರನ್ ಬಿಚ್ಚಿಟ್ಟು ಬಂದಳು. ಹಾಡು ಮುಗಿಯಿತು, ಇಬ್ಬರೂ ಕೈ ಬಿಡದೆ ನಿಂತೇ ಇದ್ದಾರೆ, ಎರಡನೆಯ ಟ್ಯಾಂಗೊ ಬರಬೇಕು. ಬಂದದ್ದು ಹುಂಪ್ಪ. ಓಡುವ ಕುದುರೆಯ ಹಾಗೆ ಟಕಟಕ ಹುಂಪ್ಪ. ತಾತನ ಸೊಂಟಕ್ಕೆ ಅದು ಆಗುವುದಿಲ್ಲ. ಕೈ ಬಿಟ್ಟುಬಿಟ್ಟ. “ನಲವತ್ತಾರು ವರ್ಷದಲ್ಲಿ ಒಂದೇ ಹಾಡಿಗೆ ಅವಳ ಕೈ ಬಿಟ್ಟಿದ್ದು ಇದೇ ಮೊದಲು. ಅವತ್ತಿಂದ ಅವಳು ನನ್ನ ಹತ್ರ ಮಾತಾಡಿಲ್ಲ.” ಮೊದಲು ಮಾತಾಡ್ತಿದ್ರಾ ಎಂದು ಕೇಳಿದೆ. “ಮಳೆ ಬರುತ್ತೋ ಇಲ್ವೋ ಅಂತ ಹೇಳ್ತಿದ್ಲು. ಈಗ ಅದೂ ಇಲ್ಲ” ಎಂದ.

ಅಕ್ಕಾ, ಆಗಲೇ ನನಗೆ ಹೊಳೆದದ್ದು. ನಮ್ಮೂರ ಮಂಟಪದಲ್ಲಿ ಯಾವ ಕುಣಿತವಾದರೂ ಹಾಡುಗಳು ಜೋಡಿಯಾಗಿಯೇ ಬರುತ್ತವೆ ಎನ್ನುವುದು ತೊಟ್ಟಿಲ ಮಗುವಿಗೂ ಗೊತ್ತು. ಎರಡು ಟ್ಯಾಂಗೊ, ಎರಡು ವಾಲ್ಟ್ಜ್, ಎರಡು ಹುಂಪ್ಪ. ಎರಡು ಮುಗಿದ ಮೇಲೆ ಗಂಡಸು ಹೆಂಗಸನ್ನು ಅವಳ ಜಾಗಕ್ಕೆ ಕರೆದುಕೊಂಡು ಹೋಗಿ ಬಿಟ್ಟು, ಧನ್ಯವಾದ ಹೇಳಿ ಬರುತ್ತಾನೆ. ಒಂದೇ ಹಾಡಿಗೆ ಕೈ ಬಿಟ್ಟರೆ ‘ನೀನು ಬೇಡ’ ಅಂದ ಹಾಗೆ. ನಿನ್ನ ಆಲ್ಬಮ್ಮಿನಲ್ಲಿ ಹೆಲ್ಸಿಂಕಿಯ ಜನ ಒಂದು ಟ್ಯಾಂಗೊ, ಒಂದು ಹುಂಪ್ಪ, ಒಂದು ವಾಲ್ಟ್ಜ್ ಎಂದು ರುಚಿಗೆ ತಕ್ಕಂತೆ ಕಲೆಸಿಟ್ಟಿದ್ದಾರೆ. ಕುರ್ಚಿಯಲ್ಲಿ ಕೂತು ಕೇಳುವವರಿಗೆ ಅದು ಚಂದವೇ ಇರಬಹುದು. ಇಲ್ಲಿ ನೀನು ಒಬ್ಬೊಬ್ಬರನ್ನೂ ಹನ್ನೆರಡು ಸಲ ನೆಲದ ನಡುವೆ ಕೈಬಿಟ್ಟು ಹೋಗಿದ್ದೀಯ. ಔನೆ ಅಜ್ಜಿ ಹೇಳಿದ್ದು ಅದನ್ನೇ.

ಆ ಸಂಜೆ ಹಾಡುಗಳನ್ನು ವಿಂಗಡಿಸಿದೆ. ನಾಲ್ಕು ಟ್ಯಾಂಗೊ, ನಾಲ್ಕು ವಾಲ್ಟ್ಜ್, ನಾಲ್ಕು ಹುಂಪ್ಪ. ಒಂದೂ ಒಂಟಿಯಿಲ್ಲ. ಜೋಡಿ ಜೋಡಿಯಾಗಿ ಹೊಸ ಡಿಸ್ಕಿಗೆ ಹಾಕಿ ಕೇಳಿದೆ. ಮೊದಲನೆಯ ಟ್ಯಾಂಗೊ ಮುಗಿಯುವಾಗ ನೀನು ಒಂದು ಉಸಿರು ಎಳೆದುಕೊಳ್ಳುತ್ತೀಯ. ಕೊನೆಯ ಹಾಡಾಗಿ ಎಲ್ಲೋ ಹಿಂದೆ ಬಿದ್ದಿದ್ದ ಇನ್ನೊಂದು ಟ್ಯಾಂಗೊ ಆ ಉಸಿರಿನಿಂದಲೇ ಶುರುವಾಗುತ್ತದೆ. ನೀನು ಜೋಡಿಯಾಗಿಯೇ ಹಾಡಿದ್ದೆ, ಅಲ್ಲವೇ? ರೆಕಾರ್ಡಿಂಗಿನ ಆ ಗಾಜಿನ ಕೋಣೆಯಲ್ಲಿ ಕಣ್ಣು ಮುಚ್ಚಿ ನಮ್ಮ ಮಂಟಪವನ್ನೇ ನೋಡುತ್ತಿದ್ದೆ. ಹೆಲ್ಸಿಂಕಿಯವರು ಹಾಡುಗಳನ್ನು ಕಲೆಸುವಾಗ ಹೇಳಲಿಲ್ಲ ಯಾಕೆ? ಹಳ್ಳಿಯವಳು ಅಂದುಕೊಳ್ಳುತ್ತಾರೆ ಅಂತಲೇ? ಅದಕ್ಕೆ ಮಾತ್ರ ನಿನ್ನನ್ನು ಬೈಯಬೇಕು ಅನ್ನಿಸಿತು.

ನಿನ್ನೆ ಶನಿವಾರ ಮಂಟಪ ತೊಳೆಯುವ ದಿನ. ಪ್ರತಿವರ್ಷದ ಹಾಗೆ ಊರವರೆಲ್ಲ ಬ್ರಷ್ಷು ಬಕೆಟ್ಟು ಹಿಡಿದು ಬಂದಿದ್ದರು. ಬೆಂಚುಗಳಿಗೆ ಬಣ್ಣ ಬಳಿದಾಯಿತು, ನೆಲ ಉಜ್ಜಿದ್ದಾಯಿತು, ಬಟಾಣಿ ಸೂಪು ಕುಡಿದದ್ದಾಯಿತು. ಆಗ ಹೆಲ್ವಿಯಮ್ಮನ ಹತ್ತಿರ ಹೋಗಿ ಒಂದು ಸಿ.ಡಿ. ಹಾಕಲೇ ಎಂದು ಕೇಳಿದೆ. ಮಂಟಪ ಅವರದು, ಮಾತೂ ಅವರದೇ. “ಐವತ್ತು ವರ್ಷದಿಂದ ಈ ನೆಲದ ಮೇಲೆ ಮನುಷ್ಯರು ಹಾಡಿದಾರೆ. ಯಂತ್ರ ಹಾಡೋದು ನಾನು ಸತ್ತ ಮೇಲೆ” ಎಂದರು. ಯಂತ್ರ ಒಳಗೆ ಬರಬಾರದು ತಾನೇ ಎಂದು ಅಂಗಡಿ ಬಸ್ಸನ್ನು ಮಂಟಪದ ಪಕ್ಕಕ್ಕೆ ತಂದು ನಿಲ್ಲಿಸಿ ಎರಡೂ ಬಾಗಿಲು ತೆರೆದಿಟ್ಟೆ. ಹೆಲ್ವಿಯಮ್ಮ ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು. “ಹೊರಗಿರೋದಕ್ಕೆ ನಾನು ಹೊಣೆಯಲ್ಲ” ಎಂದು ಬಕೆಟ್ಟು ಎತ್ತಿಕೊಂಡರು.

ಟ್ಯಾಂಗೊ ಶುರುವಾಯಿತು. ಹೆಂಗಸರು ಆ ಕಡೆ, ಗಂಡಸರು ಈ ಕಡೆ. ಒಬ್ಬರೂ ಅಲ್ಲಾಡಲಿಲ್ಲ. ಎಲ್ಲರಿಗೂ ಆ ಡಿಸ್ಕಿನ ಕಥೆ ಗೊತ್ತಿತ್ತಲ್ಲ. ಆಗ ಕಾಲೆರ್ವೊ ತಾತ ಬ್ರಷ್ಷನ್ನು ಕಂಬಕ್ಕೆ ಒರಗಿಸಿಟ್ಟು, ರಬ್ಬರ್ ಬೂಟಿನಲ್ಲೇ, ಅಷ್ಟಗಲ ಒದ್ದೆ ನೆಲವನ್ನು ದಾಟಿ ಮಾರ್ತ್ತ ಅಜ್ಜಿಯ ಮುಂದೆ ಹೋಗಿ ತಲೆಬಾಗಿದ. ಅವಳು ಕೇಳಿದ್ದು ಒಂದೇ ಮಾತು: “ಎರಡಾ?” ತಾತ ನನ್ನ ಕಡೆ ತಿರುಗಿದ. ನಾನು ಬಸ್ಸಿನಿಂದ ಎರಡು ಬೆರಳು ಎತ್ತಿ ತೋರಿಸಿದೆ. “ಎರಡು” ಎಂದ ತಾತ.

ಇಬ್ಬರೇ ಕುಣಿದರು. ಹಾಡು ಮುಗಿಯಿತು. ಮುಗಿದ ಮೇಲಿನ ಆ ಖಾಲಿ ಕ್ಷಣದಲ್ಲಿ ಇಬ್ಬರೂ ಕೈ ಬಿಡದೆ ನಡುವೆ ನಿಂತರು. ಊರೆಲ್ಲ ನನ್ನ ಬಸ್ಸನ್ನೇ ನೋಡುತ್ತಿತ್ತು. ಆಮೇಲೆ ನಿನ್ನ ಉಸಿರು ಬಂತು, ಹಿಂದೆಯೇ ಎರಡನೆಯ ಟ್ಯಾಂಗೊ. ಅಕ್ಕಾ, ಗಂಡಸರೆಲ್ಲ ಒಟ್ಟಿಗೆ ಎದ್ದು ನಡೆದ ಸದ್ದು ನೀನು ಕೇಳಬೇಕಿತ್ತು. ವಾಲ್ಟ್ಜ್ ಬರುವಷ್ಟರಲ್ಲಿ ನಿಲ್ಲಲು ಜಾಗವಿರಲಿಲ್ಲ. ಔನೆ ಅಜ್ಜಿ ನನ್ನನ್ನೂ ಬಸ್ಸಿನಿಂದ ಎಳೆದುಕೊಂಡು ಹೋದಳು. ನಾನು ಅವಳ ಕಾಲು ತುಳಿದೆ, ಅವಳು “ತುಳಿ, ತುಳಿ, ಎರಡು ಕಾಲಿವೆ” ಎಂದಳು. ಹುಂಪ್ಪ ಬಂದಾಗ ಬಕೆಟ್ಟುಗಳು ಉರುಳಿದವು, ಅದನ್ನು ನೋಡಿ ತಾತ ಸೊಂಟ ಹಿಡಿದುಕೊಂಡು ನಕ್ಕ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಅವನಿಗೆ ನಾಳೆ ಮಳೆ ಬರುತ್ತದೆ ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಕೊನೆಯ ಜೋಡಿಗೆ ಮೊದಲು ಹೆಲ್ವಿಯಮ್ಮ ಬಸ್ಸಿನ ಹತ್ತಿರ ಬಂದರು. ನಿಲ್ಲಿಸು ಎನ್ನುತ್ತಾರೆ ಅಂದುಕೊಂಡೆ. “ಎಂಜಿನ್ ಆರಿಸೋ, ಅವಳ ಉಸಿರು ಕೇಳಿಸ್ತಿಲ್ಲ” ಎಂದರು. ಎಲ್ಲ ಮುಗಿದ ಮೇಲೆ, ಚಪ್ಪಾಳೆ ನಿಂತ ಮೇಲೆ, ಕಂಬ ಒರೆಸುತ್ತಾ ಒಂದು ಮಾತು ಹೇಳಿದರು: “ಪರವಾಗಿಲ್ಲ.” ಹೆಲ್ವಿಯಮ್ಮನ ಬಾಯಿಂದ. ಅವರು ಹಾಗೆ ಅಂದದ್ದನ್ನು ನೀನು ಎಷ್ಟು ಸಲ ಕೇಳಿದ್ದೀಯ? ನಾನು ಒಮ್ಮೆಯೂ ಕೇಳಿಲ್ಲ. ಆಮೇಲೆ, “ಶುಕ್ರವಾರ ಅವಳನ್ನೇ ಕರ್ಕೊಂಡು ಬಾ. ಬಸ್ಸಿನ ಕೈಲಿ ಇನ್ನೊಂದ್ಸಲ ಹಾಡಿಸೋಕೆ ನನಗೆ ಇಷ್ಟವಿಲ್ಲ” ಎಂದರು.

ಇದು ಜನರ ಅಭಿಪ್ರಾಯ. ಇದರಲ್ಲಿ ಒಂದು ಸಾಲನ್ನೂ ನಾನು ಸೇರಿಸಿಲ್ಲ. ನನ್ನ ಅಭಿಪ್ರಾಯವೂ ಬೇಕಿದ್ದರೆ: ಐದನೇ ಹಾಡಿನ ಕೊನೆಯಲ್ಲಿ ನೀನು ಟೀವಿಯ ತೀರ್ಪುಗಾರರಿಗಾಗಿ ಕಿರುಚಿದ್ದೀಯ, ಅದು ಕೆಟ್ಟದಾಗಿದೆ. ಉಳಿದ ಹನ್ನೊಂದೂ ನಮ್ಮವು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಅವಳ ಬೆಕ್ಕಿಗೆ ಒಂದು ಮೀನು. ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ, ಕತ್ತಿನ ಬಟ್ಟೆಯನ್ನು ಇನ್ನೊಂದು ಸಲ ನೆನಪಿಸಿದ್ದಾಳೆ.

ನಿನ್ನ ತಮ್ಮ,
ಯೂಸೊ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಆ ‘ಒಬ್ಬ ಕೇಳುಗ’ ನಾನೇ. ಆಲ್ಬಮ್ ಬಂದ ದಿನ ಬಸ್ಸಿನಲ್ಲಿ ಒಬ್ಬನೇ ಕೂತು ಮೊದಲಿಂದ ಕೊನೆಯವರೆಗೆ ಕೇಳಿ, ಸಿಟ್ಟು ಬಂದು, ನೀನು ಫೋನ್ ಎತ್ತದಿದ್ದಾಗ ಅಲ್ಲಿ ಬರೆದೆ. ನನಗೆ ಅನ್ನಿಸಿದ್ದನ್ನೇ ಬರೆದೆ, ಆದರೆ ಹೆಸರು ಹಾಕಲಿಲ್ಲ. ನಾನು ಹೇಳಿದ ಮೊದಲ ಸುಳ್ಳು ಅದು. ಇವತ್ತು ಬೆಳಿಗ್ಗೆ ಅದರ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ, ನಾನು ತಪ್ಪಾಗಿ ಕೇಳಿಸಿಕೊಂಡಿದ್ದೆ, ಅವಳ ಎದುರಿಗೆ ಇಡೀ ಊರು ನಿಂತಿತ್ತು ಎಂದು ಬರೆದಿದ್ದೇನೆ. ಮೇಲೆ ಐದನೇ ಹಾಡಿನ ಬಗ್ಗೆ ಬರೆದದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ. ಶುಕ್ರವಾರ ಮಧ್ಯಾಹ್ನ ಎರಡು ಹತ್ತರ ಬಸ್ಸಿಗೆ ಬಾ. ನಾನು ನಿಲ್ದಾಣದಲ್ಲಿರುತ್ತೇನೆ, ನಿನ್ನ ಕುಣಿತದ ಶೂಗೆ ಪಾಲಿಶ್ ಹಾಕಿ ಅಂಗಡಿ ಬಸ್ಸಿನಲ್ಲಿ ಇಟ್ಟಿದ್ದೇನೆ. ಬೈಯುವುದಿದ್ದರೆ ದಾರಿಯಲ್ಲೇ ಬೈದು ಮುಗಿಸು. ಆದರೆ ಎರಡು ಸುತ್ತು ಬೈ ಅಕ್ಕಾ, ಒಂದಕ್ಕೇ ಬಿಟ್ಟು ಹೋಗಬೇಡ.