ಮೂರು ನೀರಿನಲ್ಲಿ ತೊಳೆದ ಜೋಳ

ತ್ಯಾವಣಿಗೆ
ಶನಿವಾರ, ೨೮ ಜೂನ್ ೨೦೨೫

ಪ್ರೀತಿಯ ಚೈತ್ರಕ್ಕನಿಗೆ ನಿನ್ನ ದುರ್ಗಿಯ ನಮಸ್ಕಾರ.

ಹೊನ್ನಾಳಿಯ ಹಾಸ್ಟೆಲಿನಲ್ಲಿ ನೀನು ಚೆನ್ನಾಗಿರುವೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ಫೋನು ಮಾಡೋಣವೆಂದರೆ ಮಾತು ಮುಗಿಯುವವರೆಗೂ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ. ಈಗ ಕರೆಂಟ್ ಹೋಗಿ ನಾನು ಕೆಲಸಕ್ಕಿರುವ ಹಿಟ್ಟಿನ ಗಿರಣಿ ನಿಂತಿದೆ. ಹಿಟ್ಟಿನ ಡಬ್ಬದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೋ.

ಮಹಿಳಾ ಸಂಘಕ್ಕೆ ರೊಟ್ಟಿ ಮಾಡುವ ಚೌಡಕ್ಕನ ಸುದ್ದಿ ನಿನಗೂ ಮುಟ್ಟಿರಬೇಕು. ಸೋಮವಾರ ಅವಳ ರೊಟ್ಟಿ ಪಲ್ಯ ತಿಂದು, ಕಳೆ ತೆಗೆಯಲು ಹೋಗಿದ್ದ ಆರು ಹೆಂಗಸರು ಹೊಲದಲ್ಲೇ ವಾಂತಿ ಮಾಡಿಕೊಂಡರು. ಆಟೋದಲ್ಲಿ ಚನ್ನಗಿರಿಗೆ ಕರೆದುಕೊಂಡು ಹೋದರು. ಶಾಂತಾದೇವಮ್ಮನಿಗೆ ಎರಡು ದಿನ ಡ್ರಿಪ್ ಹಾಕಿದ್ದರು. ಈಗ ಎಲ್ಲರೂ ಮನೆಗೆ ಬಂದಿದ್ದಾರೆ. ಪಲ್ಯ ಹಳಸಿರಬಹುದು ಎಂದು ಡಾಕ್ಟರು ಅಂದರಂತೆ. ಜನಕ್ಕೆ ಅಷ್ಟು ಸಾಕಾಯಿತು. ನಲ್ಲಿಯ ಹತ್ತಿರ ಒಬ್ಬಳು, "ಕಣ್ಣು ಮಂಜಾದ್ಮೇಲೆ ಒಲೆ ಮುಂದೆ ಯಾಕೆ ಕುಂದರಬೇಕು, ಜನಾನ ಕೊಲ್ಲಾಕಾ?" ಎಂದಳು. ನಾಳೆ ಹತ್ತು ಗಂಟೆಗೆ ಮಹಿಳಾ ಸಂಘದವರು ಸೇರಿ ಚೌಡಕ್ಕನನ್ನು ರೊಟ್ಟಿ ಕೆಲಸದಿಂದ ತೆಗೆಯುತ್ತಾರೆ. ಅವಳಿಗೆ ಬೇರೆ ಕೆಲಸ ಬರುವುದಿಲ್ಲ.

ಅಕ್ಕಾ, ಪಲ್ಯ ಹಳಸಿರಲಿಲ್ಲ. ಹಿಟ್ಟು ಕೆಟ್ಟಿತ್ತು. ಅದು ನನಗೊಬ್ಬಳಿಗೇ ಗೊತ್ತು.

ಭಾನುವಾರ ಮಧ್ಯಾಹ್ನ ಗಿರಣಿಯ ಹಾಲಸ್ವಾಮಣ್ಣ ಊಟಕ್ಕೆ ಹೋಗಿದ್ದರು. ಆಗ ಯಾರೋ ಕೋಳಿಗೆ ನುಚ್ಚು ಮಾಡಿಸಲು ಬಿತ್ತಿ ಉಳಿದ ಮೆಕ್ಕೆಜೋಳ ತಂದರು. ಬಿತ್ತನೆ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಹಚ್ಚಿರುತ್ತಾರಲ್ಲ, ಅದನ್ನು ತೊಳೆದು ಒಣಗಿಸಿದ್ದರು. ಬಣ್ಣ ಹೋದ ಮೇಲೆ ವಿಷವೂ ಹೋಗಿರುತ್ತದೆ ಎಂದುಕೊಂಡಿದ್ದರು. ಬಿತ್ತನೆ ಬೀಜವನ್ನು ಗಿರಣಿಗೆ ಹಾಕಬಾರದು ಎಂದು ಹಾಲಸ್ವಾಮಣ್ಣ ಮೊದಲ ದಿನವೇ ಹೇಳಿದ್ದರು. ಆದರೂ ಹಾಕಿದೆ. ಅರ್ಧ ಬೀಸುವಷ್ಟರಲ್ಲಿ ಅವರ ಬೈಕಿನ ಸದ್ದು ಕೇಳಿ ಗಾಬರಿಯಾಗಿ ಮಿಷನ್ ನಿಲ್ಲಿಸಿದೆ. ಗಿರಣಿಯ ಬಾಯಲ್ಲಿ ಉಳಿದ ಕಾಳನ್ನು ತೆಗೆಯಲಿಲ್ಲ. ಬೇರೆಯವರ ಕಾಳು ಹಾಕುವ ಮೊದಲು ಒಂದು ಹಿಡಿ ತೌಡು ಓಡಿಸಿ ಕಲ್ಲು ಚೊಕ್ಕ ಮಾಡುವುದು ನಮ್ಮಲ್ಲಿ ಪದ್ಧತಿ, ಅದನ್ನೂ ಮಾಡಲಿಲ್ಲ. ಅಷ್ಟರಲ್ಲಿ ಚೌಡಕ್ಕ ಮೆಕ್ಕೆಜೋಳ ಬೆರೆಸಿದ ಜೋಳ ತಂದಳು. ಹಾಲಸ್ವಾಮಣ್ಣ ಉಳಿದ ಕಾಳಿನ ಮೇಲೇ ಅದನ್ನು ಸುರಿದರು. ನಾನು ನೋಡುತ್ತಾ ನಿಂತಿದ್ದೆ.

ಮರುದಿನ ಆ ನುಚ್ಚು ಒಯ್ದ ಮನೆಯ ನಾಲ್ಕು ಕೋಳಿ ಸತ್ತು ಬಿದ್ದಿದ್ದವು. ಅಷ್ಟೊತ್ತಿಗೆ ಚೌಡಕ್ಕನ ರೊಟ್ಟಿ ಹೊಲ ಸೇರಿತ್ತು. ಮಿಕ್ಕ ಹಿಟ್ಟನ್ನು ಅವಳು ಅವತ್ತೇ ಗುಂಡಿ ತೆಗೆದು ಮುಚ್ಚಿದಳು. ನನಗಿರುವುದು ಅದೊಂದೇ ನೆಮ್ಮದಿ.

ಯುಗಾದಿಗೆ ಬಂದಾಗ ನೀನು ನೀತಿಶಾಸ್ತ್ರದ ಪುಸ್ತಕ ಓದಿ ಹೇಳಿದ್ದೆ, ನೆನಪಿದೆಯಾ? "ಹಿಟ್ಟು ಬೀಸೋಳಿಗೆ ಇದೆಲ್ಲ ಯಾಕವ್ವಾ" ಎಂದು ನಮ್ಮವ್ವ ನಕ್ಕಿದ್ದಳು. ಈ ವಾರ ಅದನ್ನೇ ನೆನೆಯುತ್ತಿದ್ದೇನೆ.

ಹೆಚ್ಚು ಜನಕ್ಕೆ ಯಾವುದರಿಂದ ಒಳ್ಳೆಯದಾಗುತ್ತದೋ ಅದನ್ನು ಮಾಡಬೇಕು ಎನ್ನುವವರಿದ್ದಾರೆ ಎಂದಿದ್ದೆ. ತೂಗಿ ನೋಡಿದೆ. ಹೇಳಿದರೆ ಗಿರಣಿಗೆ ಯಾರೂ ಬರುವುದಿಲ್ಲ, ಹಾಲಸ್ವಾಮಣ್ಣನ ಮನೆ ಕೆಡುತ್ತದೆ, ನನ್ನ ಕೆಲಸ ಹೋಗುತ್ತದೆ, ಪೊಲೀಸರು ಬಂದರೂ ಬರಬಹುದು. ಹೇಳದಿದ್ದರೆ ಕೆಡುವುದು ಒಬ್ಬ ಮುದುಕಿಗೆ ಮಾತ್ರ. ಸುಮ್ಮನಿರುವುದೇ ಸರಿ ಎಂದು ಬಂತು. ಒಂದು ದಿನ ಮನಸ್ಸು ಹಗುರವಾಗಿತ್ತು. ಆಮೇಲೆ ಭಯ ಇನ್ನೂ ಜಾಸ್ತಿಯಾಯಿತು. ಮುಂದಿನ ವರ್ಷ ಇನ್ಯಾರೋ ಹೀಗೇ ತೊಳೆದು ತಂದರೆ? ಅವರನ್ನು ನಾನು ತಕ್ಕಡಿಯಲ್ಲಿ ಇಟ್ಟೇ ಇರಲಿಲ್ಲ. ತಕ್ಕಡಿ ಹಿಡಿದವಳು ನಾನೇ ಆಗಿದ್ದೆ.

ಫಲ ಏನೇ ಆಗಲಿ, ಎಲ್ಲರೂ ಮಾಡಲಿ ಎಂದು ಒಪ್ಪಬಹುದಾದದ್ದನ್ನೇ ಮಾಡು ಎಂದೂ ಇನ್ನೊಬ್ಬರು ಹೇಳಿದ್ದಾರಲ್ಲ. ಎಲ್ಲ ಗಿರಣಿಯವರೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡರೆ ಯಾರ ಹಿಟ್ಟು ನಂಬಿ ರೊಟ್ಟಿ ತಟ್ಟುವುದು? ನಮ್ಮ ಮನೆಯ ರೊಟ್ಟಿಯನ್ನೂ ಈಗ ಮುರಿದು ವಾಸನೆ ನೋಡಿಯೇ ತಿನ್ನುತ್ತೇನೆ.

ಕೊನೆಯದು, ಒಳ್ಳೆಯವರು ಈ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿಕೊಳ್ಳುವುದು. ಅದನ್ನು ನಾನು ಕೇಳಿಕೊಳ್ಳುವ ಮೊದಲೇ ನೋಡಿಬಿಟ್ಟೆ. ಗುರುವಾರ ಚೌಡಕ್ಕನ ಮನೆಗೆ ಹೋಗಿದ್ದೆ. ರೊಟ್ಟಿ ಹಂಚನ್ನು ಬೋರಲು ಹಾಕಿದ್ದಳು. "ಬಾರೇ ದುರ್ಗಿ, ಕುಂದ್ರು. ನನ್ನ ಕೈಯಾಗೇ ಏನೋ ತಪ್ಪಾಗೈತೆ ಕಣೇ. ಆರೂ ಮನಿಗೆ ಹೋಗಿ ಕೈ ಮುಗಿದು ಬಂದೆ" ಎಂದಳು. ಮಾಡದ ತಪ್ಪು ಅಕ್ಕಾ. ಚಹಾ ಕೊಟ್ಟು, "ನಿನ್ನ ಮಾರಿ ಯಾಕೆ ಹಿಂಗಾಗೈತೆ, ನೀನೂ ನನ್ನ ರೊಟ್ಟಿ ತಿಂದೇನು?" ಎಂದು ನಕ್ಕಳು. ನಾನು ಚಹಾ ಕುಡಿದು ಎದ್ದು ಬಂದೆ.

ನಾಳೆ ಅಷ್ಟು ಜನರ ಮುಂದೆ ಹೇಗೆ ನಿಲ್ಲಲಿ? ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ನನ್ನ ಧ್ವನಿ ಹೊರಡುತ್ತಿರಲಿಲ್ಲ, ನಿನಗೆ ಗೊತ್ತು.

ಕರೆಂಟ್ ಬಂತು. ಹಾಲಸ್ವಾಮಣ್ಣ ಕರೆಯುತ್ತಿದ್ದಾರೆ. ಮೈಲಾರಿ ಮಾವ ಬೆಳಗಿನ ಮೊದಲ ಬಸ್ಸಿಗೆ ಹೊನ್ನಾಳಿಗೆ ಬರುತ್ತಾನೆ, ಅವನ ಕೈಗೆ ಕೊಡುತ್ತೇನೆ. ಓದಿ ನನ್ನನ್ನು ಬೈಯಿ, ಆದರೆ ದೂರ ಮಾಡಬೇಡ.

ನಿನ್ನ ತಂಗಿಯಂಥವಳು,
ದುರ್ಗಾಂಬಿಕಾ

ತಾ.ಕ.: ಯಾರೋ ಮೆಕ್ಕೆಜೋಳ ತಂದರು ಎಂದು ಮೇಲೆ ಬರೆದಿದ್ದೇನೆ. ತಂದವಳು ನಾನೇ. ನಮ್ಮ ಕೋಳಿಗಳಿಗೆ. ಮೂರು ನೀರಿನಲ್ಲಿ ತೊಳೆದಿದ್ದೆ ಅಕ್ಕಾ, ಮೂರನೆಯ ನೀರು ತಿಳಿಯಾಗಿತ್ತು. ಸತ್ತ ಕೋಳಿಗಳನ್ನು ಹಿತ್ತಿಲಲ್ಲಿ ಹೂತು, ನಾಯಿ ಹಿಡಿಯಿತು ಎಂದು ಅವ್ವನಿಗೆ ಹೇಳಿದೆ. ಚೀಲದ ತಳದಲ್ಲಿ ತೊಳೆಯದ ಗುಲಾಬಿ ಬೀಜ ಒಂದು ಹಿಡಿ ಉಳಿದಿತ್ತು. ಅದನ್ನು ವೇಲಿನ ತುದಿಗೆ ಗಂಟು ಕಟ್ಟಿಕೊಂಡಿದ್ದೇನೆ. ನಾಳೆ ಬಾಯಿ ಬರದಿದ್ದರೆ ಸಂಘದವರ ಮುಂದೆ ಬಿಚ್ಚಿ ಸುರಿಯುತ್ತೇನೆ. ಇದು ಯಾರದು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಒಂದೇ ಒಂದು ಮಾತು ಹೇಳಿದರೆ ಸಾಕು.