ಒಲೆ ಒಂದೇ ಇರುವ ಮನೆ

ಕೊತ್ತತ್ತಿ
೧೪-೫-೨೦೨೫, ಬುಧವಾರ

ಮೊಮ್ಮಗಳು ನಯನಳಿಗೆ,

ಮೊದಲು ಕೂತುಕೋ. ಒಂದು ಕೈಯಲ್ಲಿ ಮೊಬೈಲು ತಿಕ್ಕುತ್ತಾ ಇನ್ನೊಂದು ಕೈಯಲ್ಲಿ ಈ ಕಾಗದ ಹಿಡಿದು ಓದುವ ಹಾಗಿದ್ದರೆ ಮಡಚಿ ಇಟ್ಟುಬಿಡು, ನಾಚಿಕೆಗೆಟ್ಟವಳೇ. ನೀನು ನನ್ನ ಜೊತೆ ನೆಟ್ಟಗೆ ಮಾತಾಡಿ ಎರಡು ತಿಂಗಳಾಯಿತು. ಫೋನು ಮಾಡಿದರೆ ನಿಮ್ಮಪ್ಪನ ಮೊಬೈಲಿಗೆ ಮಾಡುತ್ತೀಯ, ಅವನು ಪಕ್ಕದಲ್ಲೇ ನಿಂತಿರುತ್ತಾನೆ. ಊಟ ಆಯ್ತಾ ಅಜ್ಜಿ ಅನ್ನುತ್ತೀಯ, ಆಯ್ತು ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ನಾನೇನು ಊಟದ ಲೆಕ್ಕ ಒಪ್ಪಿಸೋಕೆ ಬದುಕಿದ್ದೇನಾ?

ಇರಲಿ. ನಿನ್ನ ಮೈ ಹೇಗಿದೆ? ಚಳಿಗೆ ಹಿಮ್ಮಡಿ ಬಿರಿದಿದೆ ಅಂದಿದ್ದೆ, ಕಳಿಸಿದ ಹರಳೆಣ್ಣೆ ಹಚ್ಚುತ್ತಿದ್ದೀಯೋ, ವಾಸನೆ ಅಂತ ಮೂಲೆಗೆ ತಳ್ಳಿದ್ದೀಯೋ? ಆ ಮುದುಕರ ಆಶ್ರಮದಲ್ಲಿ ರಾತ್ರಿ ಪಾಳಿ ತಪ್ಪಿತೇ? ಅಲ್ಲಿಯ ಮುದುಕಿಯರನ್ನು ಎತ್ತಿ ಕೂರಿಸಿ ನಿನ್ನ ಸೊಂಟ ಬಿದ್ದುಹೋದರೆ ನಿನ್ನನ್ನು ಎತ್ತೋಕೆ ಅಲ್ಲಿ ಯಾರಿದ್ದಾರೆ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ಇನ್ಯಾರು ಕೇಳುತ್ತಾರೆ, ಅದೊಂದು ಕೇಳೋಕೆ. ನಿಮ್ಮಮ್ಮನಿಗೆ ಶುಗರ್ ಇಳಿದಿದೆ, ಬಾಯಿಚಪಲ ಇಳಿದಿಲ್ಲ.

ಈ ಕಾಗದ ತರುವವನು ಪಂಕಜಮ್ಮ ಟೀಚರ ಮಗ ಶ್ರೀಕರ. ನಿನಗೆ ನಾಲ್ಕನೇ ಕ್ಲಾಸಿನಲ್ಲಿ ಕಿವಿ ಹಿಂಡಿದ ಟೀಚರೇ, ಈಗ ಮಂಡ್ಯದಲ್ಲಿದ್ದಾರೆ. ಅವನೂ ಐರ್ಲೆಂಡಿನಲ್ಲಿ ನಿಮ್ಮ ಕಾರ್ಕ್ ಊರಿನಲ್ಲೇ ಕೆಲಸದಲ್ಲಿದ್ದಾನೆ, ರಜೆಗೆ ಬಂದವನು ಶುಕ್ರವಾರ ವಿಮಾನ ಹತ್ತಿ ಶನಿವಾರ ಇದನ್ನು ನಿನ್ನ ಕೈಗೆ ಕೊಡುತ್ತೇನೆ ಅಂದಿದ್ದಾನೆ. ಟೀಚರು ತಮ್ಮ ಫೋನಿನಿಂದಲೇ ನಿನ್ನ ಜೊತೆ ಮಾತಾಡಿ ಅಂದರು. ಮಾತಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಇಲ್ಲ ಸಿಗ್ನಲ್ ಹೋಯಿತು ಅನ್ನುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಡ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ, ಒತ್ತಕ್ಷರ ತಪ್ಪಿದ್ದರೆ ನಗು. ಆದರೆ ಕೊನೆಯವರೆಗೂ ಓದು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಮರೆತ ಹಾಗೆ ಕಾಣುತ್ತದೆ. ನೀನು ಆ ದೇಶಕ್ಕೆ ಹೋದ ಹೊಸದರಲ್ಲಿ ಬಾಡಿಗೆಗೆ ಒಂದು ರೂಮು ಸಿಗದೆ ಯಾರದೋ ಮನೆಯ ಹಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ ಮಲಗುತ್ತಿದ್ದೆ. ಅದನ್ನು ಕೇಳಿ ನಿಮ್ಮಪ್ಪ ಕೆಂಪಯ್ಯ ಅತ್ತ. ಮದ್ದೂರಿನ ಹೊನ್ನಯ್ಯನ ಮುಂದೆ ಹೇಳಿಕೊಂಡ. ಅವನೇ ಮುಂದೆ ನಿಂತು ಧರ್ಮನಿಧಿ ಅಂತ ಒಂದು ಕಟ್ಟಿದ, ತಾನು ಅಧ್ಯಕ್ಷ ಆದ, ನಿಮ್ಮಪ್ಪ ಕಾರ್ಯದರ್ಶಿ. ಆ ವರ್ಷದ ಸುಗ್ಗಿಯಲ್ಲಿ ಟ್ರಾಕ್ಟರ್ ತಂದು ಮನೆಮನೆಯ ಮುಂದೆ ನಿಲ್ಲಿಸಿ ಭತ್ತ ಕೇಳಿದರು. ‘ನಮ್ಮ ಜಿಲ್ಲೆಯ ಮಕ್ಕಳು ಪರದೇಶದಲ್ಲಿ ಬೀದಿಯಲ್ಲಿ ಮಲಗಬಾರದು’ ಅಂತ ಮೈಕಿನಲ್ಲಿ ಕೂಗಿದ್ದು ನಾನೇ ಕೇಳಿದ್ದೇನೆ. ಟ್ರಾಕ್ಟರ್ ನಮ್ಮ ಬೀದಿಗೂ ಬಂತು, ಊರಾಚೆಯ ಕಾಲೋನಿಗೂ ಹೋಯಿತು. ಕಾಲೋನಿಯ ಸಿದ್ದರಾಮು, ಗೆಜ್ಜಲಗೆರೆ ಫ್ಯಾಕ್ಟರಿಗೆ ಬಸ್ಸಿನಲ್ಲಿ ಹೋಗಿ ಬರುವವನು, ತನ್ನ ಗದ್ದೆಯ ಭತ್ತದಲ್ಲಿ ಒಂದು ಮೂಟೆ ಹೊತ್ತು ತಂದು ಹಾಕಿದ. ಹೀಗೆ ಎತ್ತಿದ ಧರ್ಮದಲ್ಲಿ ಅಲ್ಲಿ ಮನೆ ಕರಾರಿಗೆ ಹಿಡಿದರು, ನಿನ್ನನ್ನು ನೋಡಿಕೊಳ್ಳಲು ಹಾಕಿದರು.

ಈಗ ಆ ಮನೆಯಲ್ಲಿ ಓದೋಕೆ ಹೋದ ಆರು ಮಕ್ಕಳು. ಸಿದ್ದರಾಮು ಮಗಳು ಶೋಭಿತಾ ಸರ್ಕಾರದ ಸ್ಕಾಲರ್‌ಶಿಪ್ ತಗೊಂಡು ಬಂದಳು, ಹಾಸಿಗೆ ಖಾಲಿ ಇತ್ತು, ನೀನು ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದು ಸರಿ. ಕೇಳಿದ್ದರೆ ಕೊಡೋಕೆ ಬಿಡುತ್ತಿರಲಿಲ್ಲ.

ಇದೆಲ್ಲ ಬೀದಿಗೆ ಬಂದದ್ದು ಹಲಗೂರಿನ ಬೆಟ್ಟಮ್ಮನಿಂದ. ಆ ಮನೆಯಲ್ಲೇ ಇರುವ ಅವಳ ಮಗ ಅಪ್ಪು ಊಟದ ಹೊತ್ತಿಗೆ ವಿಡಿಯೋ ಕಾಲ್ ಮಾಡಿದ್ದಾನೆ. ಹಿಂದೆ ಒಬ್ಬ ಹುಡುಗಿ ಗಂಟಿಲ್ಲದ ಹಾಗೆ ಹಿಟ್ಟು ತೊಳಸಿ ಮುದ್ದೆ ಕಟ್ಟಿ ಎಲ್ಲರ ತಟ್ಟೆಗೂ ಇಡುತ್ತಿದ್ದಾಳೆ. ಯಾರ ಮಗಳಪ್ಪ ಇವಳು, ಇಷ್ಟು ಚೆನ್ನಾಗಿ ಕಟ್ಟುತ್ತಾಳೆ ಅಂತ ಬೆಟ್ಟಮ್ಮ ಕೇಳಿದಳಂತೆ. ಸೊಸೆ ಮಾಡಿಕೊಳ್ಳುವ ಅಂದಾಜಿತ್ತೋ ಏನೋ. ಆ ಪೆದ್ದ ಮುದ್ದೆ ಉಪ್ಪೆಸರು ಬಾಯಲ್ಲಿಟ್ಟುಕೊಂಡೇ, ಕೊತ್ತತ್ತಿ ಕಾಲೋನಿ ಸಿದ್ದರಾಮು ಮಗಳು, ದಿನಾ ಇವಳದೇ ಮುದ್ದೆ ಅಂದಿದ್ದಾನೆ. ಬೆಟ್ಟಮ್ಮ ಬೆಳಗಾಗುವುದರೊಳಗೆ ಮಳವಳ್ಳಿಗೂ ಮದ್ದೂರಿಗೂ ಮುಟ್ಟಿಸಿದಳು. ವರ್ಷವೆಲ್ಲ ಆ ಮುದ್ದೆ ಉಂಡು ಮಗನ ಕೆನ್ನೆ ತುಂಬಿದೆ, ಅದು ಅವಳಿಗೆ ಕಾಣಲಿಲ್ಲ.

ಹೋದ ಶನಿವಾರ ಹೊನ್ನಯ್ಯ ನಿಮ್ಮಪ್ಪನ ಜೊತೆ ಮನೆಗೆ ಬಂದ. ಕಾಫಿ ಕುಡಿದ, ನನ್ನ ಮಂಡಿ ವಿಚಾರಿಸಿದ, ಆಮೇಲೆ ಶುರು ಮಾಡಿದ. “ನಾವೇನ್ ಆ ಮಗೀನ ಓದ್ಬ್ಯಾಡ ಅಂತೀವಾ ದೊಡ್ಡವ್ವ? ಬ್ಯಾರೆ ಕಡೆ ಇರ್ಲಿ ಅಂತೀವಿ, ಅಷ್ಟೇಯ. ಅಲ್ಲಿ ಒಲೆ ಒಂದೇ ಐತಂತೆ.” ಮನೆ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದಂತೆ, ಮುಂದುವರಿಸೋಕೆ ಅಧ್ಯಕ್ಷನ ಸಹಿ ಬೇಕಂತೆ, ಶೋಭಿತಾ ಮನೆ ಬಿಟ್ಟ ಮೇಲೆಯೇ ಸಹಿ ಅಂತ ಕಡ್ಡಿ ಮುರಿದ ಹಾಗೆ ಹೇಳಿದ. ನಾನು ಕೇಳಿದೆ, “ಅಲ್ಲ ಕಣಪ್ಪ ಹೊನ್ನಯ್ಯ, ಸಿದ್ದರಾಮು ಬಾಗ್ಲಲ್ಲಿ ಟ್ರಾಕ್ಟ್ರು ನಿಲ್ಸಿ ಅವ್ನ ಭತ್ತ ತುಂಬ್ಕೊಂಡಲ್ಲ, ಆಗ ಯಾರ್ ಮಕ್ಳಿಗೆ ಅಂದಿದ್ದೆ?” ಅವನು ನಕ್ಕ. “ಆ ಭತ್ತವ ಮಾರುದ್ವಿ ದೊಡ್ಡವ್ವ, ನಾವೇನ್ ಉಂಡ್ವಾ?” ಅಂದ.

ಅವರ ಭತ್ತದ ದುಡ್ಡು ಆಗುತ್ತದೆ, ಅವರ ಮಗಳು ಕಟ್ಟಿದ ಮುದ್ದೆ ಆಗುವುದಿಲ್ಲ, ನೋಡು ಕಣೇ. ನಿಮ್ಮಪ್ಪ ನೆಲ ನೋಡುತ್ತಾ ಕೂತಿದ್ದ. ಹೊರಡುವಾಗ ಹೊನ್ನಯ್ಯ, ನಯನ ನಿಮ್ಮ ಮಾತು ಮೀರುವುದಿಲ್ಲ, ನೀವೇ ಒಂದು ಮಾತು ಬರೆಯಿರಿ ಅಂದ. ಬರೀತೀನಿ ಹೋಗು ಅಂದೆ. ಬರೆಯುತ್ತಿದ್ದೇನೆ.

ಅವನು ಹೋದ ಮೇಲೆ ನಿಮ್ಮಪ್ಪನನ್ನು ತರಾಟೆಗೆ ತಗೊಂಡೆ. ಅವನು ಅಂದದ್ದು ಇಷ್ಟೇ: “ನಯನ ಆಯ್ತಪ್ಪ ನೋಡ್ತೀನಿ ಅಂದವ್ಳೆ. ನೀನ್ ಸುಮ್ಕಿರವ್ವ.” ಅವತ್ತಿನಿಂದ ನನಗೆ ನಿದ್ದೆ ಹತ್ತಿಲ್ಲ. ಹೊನ್ನಯ್ಯನ ಮಾತಿಗಲ್ಲ, ನಿನ್ನ ‘ನೋಡ್ತೀನಿ’ಗೆ. ಈ ಮನೆಯಲ್ಲಿ ‘ನೋಡ್ತೀನಿ’ ಅಂದವರು ಯಾರೂ ಆಮೇಲೆ ಕಣ್ಣೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ನೀನು ಏನು ಮಾಡಿದ್ದೀಯ? ಆ ಹುಡುಗಿಗೆ ಹೇಳಿಬಿಟ್ಟೆಯಾ? ಅವಳು ಪೆಟ್ಟಿಗೆ ಕಟ್ಟುತ್ತಿದ್ದಾಳಾ? ಇಲ್ಲಿ ಯಾರೂ ನನಗೆ ನಿಜ ಹೇಳುವುದಿಲ್ಲ.

ನಿನ್ನ ಇಕ್ಕಟ್ಟು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಸಹಿ ಬೀಳದಿದ್ದರೆ ಆರೂ ಮಕ್ಕಳು ಪರೀಕ್ಷೆಯ ಹೊತ್ತಿನಲ್ಲಿ ಗಂಟುಮೂಟೆ ಹೊತ್ತು ನಿಲ್ಲಬೇಕು. ಒಬ್ಬಳನ್ನು ಕಳಿಸಿದರೆ ಐವರು ಉಳಿಯುತ್ತಾರೆ. ಲೆಕ್ಕ ಸುಲಭ. ಸುಲಭವಾಗಿರುವುದಕ್ಕೇ ನನಗೆ ಹೆದರಿಕೆ. ಶ್ರೀಕರನನ್ನು ಕೂರಿಸಿಕೊಂಡು ಕೇಳಿದೆ. ಮನೆಯ ಒಡತಿ ಒಪ್ಪಿದರೆ ಕರಾರು ಧರ್ಮನಿಧಿಯ ಹೆಸರಲ್ಲೇ ಇರಬೇಕು ಅಂತೇನಿಲ್ಲ, ಅಲ್ಲೇ ಸಂಬಳಕ್ಕಿರುವ ನಿನ್ನ ಹೆಸರಿಗೂ ಬರೆದುಕೊಡಬಹುದು ಅಂದ. ಬಾಡಿಗೆ ಹೇಗೂ ಮಕ್ಕಳೇ ತಿಂಗಳು ತಿಂಗಳು ಕೊಡುತ್ತಾರೆ. ಒಡತಿ ಒಪ್ಪುತ್ತಾಳೋ ಇಲ್ಲವೋ ನಾನು ಹೇಗೆ ಹೇಳಲಿ, ಅವಳ ಮುಖ ಕಂಡವಳಲ್ಲ. ಹೋಗಿ ಕೇಳು. ಕೇಳದೆ ಆ ಹುಡುಗಿಯನ್ನು ಬಾಗಿಲಿಂದ ಆಚೆ ಕಳಿಸಬೇಡ. ಕರಾರು ನಿನ್ನ ಹೆಸರಿಗಾದರೆ ನಿಮ್ಮಪ್ಪ ಊರಲ್ಲಿ ತಲೆ ಎತ್ತೋಕಾಗಲ್ಲ ಅನ್ನುತ್ತಾನೆ. ಅವನ ತಲೆ ಈಗ ಎಲ್ಲಿದೆ ಅಂತ ನಾನು ನೋಡುತ್ತಲೇ ಇದ್ದೇನೆ.

ಇನ್ನೊಂದು ವಿಷಯ ನಿನಗೆ ಬೇರೆಯವರಿಂದ ಗೊತ್ತಾಗುವುದು ಬೇಡ. ಸೋಮವಾರದಿಂದ ನಾನು ಹಿತ್ತಲಲ್ಲಿ ಬೇರೆ ಒಲೆ ಹೂಡಿದ್ದೇನೆ. ಭಾಗ ಆಗದ ಮನೆಯಲ್ಲಿ ಮುದುಕಿ ಬೇರೆ ಒಲೆ ಹೂಡಿದಳು ಅಂತ ಬೀದಿಯೆಲ್ಲ ಮಾತಾಡುತ್ತಿದೆ, ಮಾತಾಡಲಿ. ಒಲೆ ಒಂದೇ ಇರುವುದು ತಪ್ಪು ಅನ್ನುವವರ ಮನೆಯಲ್ಲಿ ಎರಡಿರಲಿ ಅಂದೆ ನಿಮ್ಮಪ್ಪನಿಗೆ. ನಿಮ್ಮಮ್ಮ ಸಾರು ತಂದು ಕಟ್ಟೆಯ ಮೇಲೆ ಇಡುತ್ತಾಳೆ, ನಾನು ಮುಟ್ಟುವುದಿಲ್ಲ, ಅವಳು ಅಳುತ್ತಾಳೆ. ಅವಳದೇನೂ ತಪ್ಪಿಲ್ಲ. ಹೊಗೆಗೆ ನನ್ನ ಕಣ್ಣೂ ಉರಿಯುತ್ತದೆ, ಕೈಯಲ್ಲಿ ಹಿಟ್ಟು ತೊಳಸುವ ಕಸುವಿಲ್ಲ, ಗಂಜಿ ಕುಡಿಯುತ್ತಿದ್ದೇನೆ. ನಿನ್ನಿಂದ ಸುದ್ದಿ ಬರುವವರೆಗೂ ಹೀಗೇ.

ಹಿಮ್ಮಡಿ ನೋಡಿಕೋ. ಆ ಆರೂ ಮಕ್ಕಳ ತಲೆ ಮೇಲೆ ನನ್ನ ಕೈ ಇದೆ ಅಂತ ಹೇಳು, ಅಪ್ಪುವಿಗೆ ಮಾತ್ರ ಒಂದು ಮೊಟಕಿ ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಜ್ಜಿ
ಮಲ್ಲಿಗಮ್ಮ

ಮರೆತದ್ದಲ್ಲ, ಈಗ ಆದದ್ದು: ಕಾಗದ ಮಡಚುವಾಗ ಸಿದ್ದರಾಮು ಬಂದ. ಫ್ಯಾಕ್ಟರಿಯಿಂದ ನೇರ ಬಂದವನು ಜಗಲಿಯ ಕೆಳಗೆ ನಿಂತ. ಒಳಗೆ ಬಾ ಅಂದೆ, ಬರಲಿಲ್ಲ. ಬರದೇ ಇದ್ದದ್ದಕ್ಕೆ ನನಗೆ ಒಂದು ಗಳಿಗೆ ಹಗುರವಾಯಿತು, ಹಗುರವಾದದ್ದಕ್ಕೆ ನನ್ನ ಮೇಲೇ ಮೈ ಉರಿಯಿತು. ಅವನಿಗೆ ಎಲ್ಲ ತಿಳಿದಿದೆ. “ನನ್ ಮಗಳಿಂದ ಐದ್ ಮಕ್ಳು ಬೀದಿಗ್ ಬೀಳಾದ್ ಬ್ಯಾಡ ಕಣವ್ವ. ಭಾನ್ವಾರ ನಾನೇ ಫೋನ್ ಮಾಡಿ ಆ ಮನೆ ಬುಟ್ಬುಡು ಮಗ ಅಂತೀನಿ” ಅಂದ. ಬೇಡ ಅಂದೆ. ತಲೆ ಆಡಿಸಿ ಹೋದ. ಅದು ಒಪ್ಪಿದ್ದಲ್ಲ ನಯನ, ನನಗೆ ಗೊತ್ತು. ಅಪ್ಪ ಹೇಳಿದರೆ ಅವಳು ಎದುರಾಡದೆ ಹೊರಡುತ್ತಾಳೆ, ಆಗ ನಿಮಗೆಲ್ಲ ಅವಳೇ ಹೋದಳು ಅಂತ ಹೇಳಿಕೊಳ್ಳೋಕೆ ಚೆನ್ನಾಗಿರುತ್ತದೆ. ಹಾಗಾಗಬಾರದು. ಶನಿವಾರವೇ, ಈ ಕಾಗದ ಓದಿ ಎದ್ದ ಕೂಡಲೇ ಅವಳ ಹತ್ತಿರ ಹೋಗು. ಹೊರಟುಹೋಗಿದ್ದರೆ ಹುಡುಕಿ ಕರೆದುಕೊಂಡು ಬಾ. ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಬರಬೇಕು. ಅದನ್ನು ನೀನು ಬರೆಯಬೇಡ. ಆ ಮನೆಯಲ್ಲಿ ಕೂತುಕೊಂಡು ಶೋಭಿತಾ ಬರೆಯಲಿ.