ಸುಳಿಯೊಳಗಿನ ಹಸಿರೊಲೆ

ಡೋಣಿ ಹೊಳೆಯ ದಂಡೆ
ಇಸವಿ ೨೨೪೧, ಧೂಳು ಇಳಿದ ಮೇಲಿನ ಆರನೆಯ ಹಿಂಗಾರು

ಹಗೇವಿನ ತಳದಲ್ಲಿ ಭರಣಿ ಇಟ್ಟವರಿಗೆ,

ಈ ತಾರೀಖನ್ನು ನೀವು ನಂಬಲಾರಿರಿ. ನಿಮ್ಮ ತಾರೀಖುಗಳನ್ನು ಓದುವಾಗ ನನಗೂ ಹಾಗೆಯೇ ಆಗುತ್ತದೆ. ನಿಮ್ಮ ಕನ್ನಡವನ್ನು ನಾನು ಉಳಿದ ಕಾಗದಗಳಿಂದ ಕಲಿತೆ. ಅವುಗಳಲ್ಲಿ ಹೆಚ್ಚಿನವು ಅರ್ಜಿಗಳು. ಆದ್ದರಿಂದ ನನ್ನ ಮಾತು ಅಲ್ಲಲ್ಲಿ ಅರ್ಜಿಯಂತೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಕಾಳು ಹೂಳಿಡುವ ಆ ನೆಲಗುಂಡಿಯಲ್ಲಿ ನಮಗೆ ಸಿಕ್ಕ, ಮೇಣ ಹಾಕಿ ಬಿಗಿದ ಗಾಜಿನ ಭರಣಿಯ ಕೊರಳಲ್ಲಿ ಒಂದು ತಗಡು ಕಟ್ಟಿತ್ತು. ಅದರ ಮೇಲೆ ಯಾರೋ ಮೊಳೆಯಿಂದ ಕೊರೆದಿದ್ದರು: "ಬಿಳಿಜೋಳ. ರೊಟ್ಟಿಗೆ ಚಲೋ." ಇಷ್ಟೇ.

ನಾವು ಪಾಚಿಗಂಜಿ ಕುಡಿದು ಬದುಕುವವರು. ತೊಟ್ಟಿಗಳಲ್ಲಿ ಪಾಚಿ ಬೆಳೆಸಿ, ಸೋಸಿ, ಕುದಿಸಿದ ಗಂಜಿ ಅದು. ರುಚಿಯ ಬಗ್ಗೆ ಬರೆಯುವಂಥದ್ದೇನಿಲ್ಲ. ಆಕಾಶವನ್ನು ಧೂಳು ಮುಚ್ಚಿದ್ದ ಅರವತ್ತು ವರ್ಷಗಳಲ್ಲಿ ಜೋಳ ಅಳಿದುಹೋಯಿತು. ನಿಮ್ಮ ಭರಣಿಯ ಕಾಳುಗಳನ್ನೆಲ್ಲ ಬಿತ್ತಿದೆವು. ಇನ್ನೂರ ಹನ್ನೆರಡು ಮೊಳೆತವು. ಹಿಂದಕ್ಕೆ ಒಂದು ಕಾಳೂ ಉಳಿದಿರಲಿಲ್ಲ. ಸಸಿಗಳನ್ನು ಸಸಿಮನೆಯಲ್ಲಿ ಇಟ್ಟೆವು. ಸಸಿಮನೆಯೆಂದರೆ ಅರ್ಧ ನೆಲದೊಳಗಿರುವ, ಗಾಜಿನ ಮಾಡಿನ, ಒಂದೇ ಕಿಂಡಿಯ ಕೋಣೆ. ಅದನ್ನು ನೋಡಿಕೊಳ್ಳುವವಳು ಎಪ್ಪತ್ತೆಂಟರ ಹುಸೇನವ್ವ. ನಾನು ಎಲೆನೋಟದವನು. ದಿನಾ ಬೆಳಿಗ್ಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ನಡೆದು, ಎಲೆಗಳ ತುದಿಯನ್ನು ನೋಡಿ ಬರುವುದು ನನ್ನ ಕೆಲಸ. ಗಿಡ ಮುಟ್ಟಬಾರದು, ತುದಿಯನ್ನು ಮಾತ್ರ ನೋಡಬೇಕು. ಹಿಂದೊಮ್ಮೆ ಬಿಳಿರೋಗ ಮುಟ್ಟಿದವರ ಕೈಯಿಂದಲೇ ಹರಡಿ, ಒಂಬತ್ತು ದಿನದಲ್ಲಿ ಸೀಮೆಯ ಸಸಿಮನೆಗಳಲ್ಲಿ ಉಳಿಸಿಕೊಂಡಿದ್ದ ಸೊಪ್ಪನ್ನೆಲ್ಲ ತಿಂದಿತ್ತು. ಅಂದಿನಿಂದ ತುದಿ ಬೆಳ್ಳಗಾದ ಸಸಿಮನೆಯನ್ನು ಅದೇ ದಿನ ಸೂರ್ಯ ಮುಳುಗುವುದರೊಳಗೆ ಸುಡುವ ಕಟ್ಟಳೆ ಇದೆ.

ಹದಿನೇಳನೆಯ ದಿನ ಬೆಳಿಗ್ಗೆ ಇನ್ನೂರ ಹನ್ನೆರಡು ಸಸಿಗಳ ಸುಳಿಯಿಂದಲೂ ಹೊಸ ಎಲೆಯ ತುದಿ ಇಣುಕಿತ್ತು. ಎಲ್ಲವೂ ಬಿಳಿ, ಸುಣ್ಣದ ಬಿಳಿ.

ಬೆಂಕಿಯ ಹೊಣೆ ಹೊತ್ತ ಶಿವಪುತ್ರ ಎಣ್ಣೆಯ ಡಬ್ಬಿ ತಂದು ಬಾಗಿಲಲ್ಲಿ ಇಟ್ಟ. ಒಳ್ಳೆಯ ಮನುಷ್ಯ, ಮುಖ ಬಾಡಿತ್ತು. ನನ್ನನ್ನು ಕೇಳಿದ: "ಮಡಿವಾಳಪ್ಪನವರ, ಒಂದ ಮಾತು ಹೇಳಿಬಿಡ್ರಿ. ಸುಡೂದೋ, ಬಿಡೂದೋ?"

ಹುಸೇನವ್ವ ಹೊಸ್ತಿಲಿಗೆ ಅಡ್ಡ ಕೂತಳು. "ಮೊದಲ ನನಗ ಹಚ್ಚೋ ಯಪ್ಪಾ. ಒಣಗಿ ಕಟ್ಟಿಗಿ ಆಗೀನಿ, ಎಣ್ಣಿ ಖರ್ಚ ಆಗಂಗಿಲ್ಲ."

ನಾನು ಸಂಜೆಯವರೆಗೆ ಸಮಯ ಕೇಳಿದೆ. ಏಕೆ ಕೇಳಿದೆ ಎಂಬುದು ಆಗ ನನಗೂ ಸ್ಪಷ್ಟವಿರಲಿಲ್ಲ. ಮೂವತ್ತು ವರ್ಷ ತುದಿಗಳನ್ನು ನೋಡಿದವನು ಒಮ್ಮೆಯೂ ಸುಳಿ ಬಿಚ್ಚಿರಲಿಲ್ಲವಲ್ಲ ಎಂದು ಮಾತ್ರ ಅನಿಸಿತು. ಮೂರು ಮೂಲೆಗಳಿಂದ ಮೂರು ಸಸಿ ಕಿತ್ತೆ. ಸುಳಿ ಬಿಚ್ಚಿ ಒಳಗಿನ ಎಲೆಯನ್ನು ಬುಡದಿಂದ ಉದ್ದಕ್ಕೆ ಸೀಳಿದೆ.

ಜೋಳದ ಎಲೆ ಬೆಳೆಯುವುದು ಬುಡದಿಂದ. ನಿಮಗೆ ಇದು ತಿಳಿದಿರಬಹುದು. ನಮಗೂ ತಿಳಿದಿತ್ತು, ಆದರೆ ಅದರ ಅರ್ಥವನ್ನು ನಾವು ಯೋಚಿಸಿರಲಿಲ್ಲ. ಹೊಸ ಕೋಶಗಳು ಕೆಳಗೆ ಹುಟ್ಟಿ ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಹಾಗಾಗಿ ತುದಿ ಎಲೆಯ ಮುದಿತನ, ಬುಡ ಅದರ ಈ ಹೊತ್ತು. ನಿಮ್ಮ ಪುಸ್ತಕಗಳಲ್ಲಿ ಕ್ಲೋರೋಪ್ಲಾಸ್ಟ್ ಎಂದಿರುವುದನ್ನು ನಾವು ಹಸಿರೊಲೆ ಎನ್ನುತ್ತೇವೆ, ಗಿಡದ ಅಡುಗೆ ಅಲ್ಲಿಯೇ ಆಗುವುದರಿಂದ. ಮಸೂರದ ಕೆಳಗೆ ಬುಡದಿಂದ ಮೇಲಕ್ಕೆ ನೋಡುತ್ತ ಹೋದೆ. ತೀರ ಕೆಳಗಿನ ಕೋಶಗಳಲ್ಲಿ ಬಣ್ಣವಿಲ್ಲದ ಚುಕ್ಕೆಗಳು, ಇನ್ನೂ ಹಚ್ಚದ ಒಲೆಗಳು. ಸ್ವಲ್ಪ ಮೇಲೆ ಅವು ಒಡೆದು ಎರಡಾಗಿ, ನಾಲ್ಕಾಗಿ, ಉಬ್ಬಿ, ತಿಳಿಹಳದಿಗೆ ತಿರುಗಿದ್ದವು. ಇನ್ನೂ ಮೇಲೆ ಕೋಶದ ತುಂಬ ಒತ್ತೊತ್ತಾಗಿ ಕೂತು ಹಸಿರಿನ ಅಂಚು ಮುಟ್ಟಿದ್ದವು. ಆಮೇಲೆ ಥಟ್ಟನೆ ಒಂದು ಗೆರೆ. ಗೆರೆಯ ಮೇಲೆ ಎಲ್ಲ ಬಿಳಿ. ಅಲ್ಲಿನ ಚುಕ್ಕೆಗಳು ಬೆಳೆಯುವ ನಡುವೆಯೇ ನಿಂತುಹೋಗಿದ್ದವು. ಮೂರೂ ಸಸಿಗಳಲ್ಲಿ ಗೆರೆ ಒಂದೇ ಎತ್ತರದಲ್ಲಿತ್ತು. ರೋಗ ಹೀಗೆ ಅಳತೆ ಹಿಡಿದು ಬರುವುದಿಲ್ಲ. ಚಳಿ ಬರುತ್ತದೆ, ಎಲ್ಲ ಸಸಿಗೂ ಒಂದೇ ದಿನ ತಾಗಿ ಒಂದೇ ದಿನ ಬಿಡುತ್ತದೆ.

ಸೀಳಿದ ಎಲೆಗಳನ್ನು ಒದ್ದೆ ಬಟ್ಟೆಯ ಮೇಲೆ ಹರಡಿ ಮಾಡಿನ ಬೆಳಕಿಗೆ ಇಟ್ಟೆ. ಶಿವಪುತ್ರ ಡಬ್ಬಿಯ ಮೇಲೆಯೇ ಕೂತು ಕಾದ. ಹುಸೇನವ್ವ ಎದ್ದು ಹೋಗಿ ಗಂಜಿ ತಂದು ಅವನಿಗೂ ಕೊಟ್ಟಳು. ಹೊತ್ತು ಇಳಿಯುವ ವೇಳೆಗೆ ಗೆರೆಯ ಕೆಳಗಿನ ಹಳದಿ ಹಸಿರಾಗಿತ್ತು. ರೋಗವಾಗಿದ್ದರೆ ಅದೂ ಬೆಳ್ಳಗಾಗುತ್ತಿತ್ತು. ಬಿಳಿ ಬಿಳಿಯಾಗಿಯೇ ಇತ್ತು. ಅದು ಮುಗಿದುಹೋದ ಸಂಗತಿ. ಶಿವಪುತ್ರ ಬಗ್ಗಿ ನೋಡಿ, ಡಬ್ಬಿ ಎತ್ತಿಕೊಂಡು ಹೊರಟ. ಹತ್ತು ಹೆಜ್ಜೆ ಹೋದ ಮೇಲೆ ಅವನು ಶಿಳ್ಳೆ ಹಾಕಿದ್ದು ಕೇಳಿಸಿತು. ನಾನು ನೆಲದ ಮೇಲೆ ಕೂತೆ. ಕೂತಾಗ, ಬೆಳಿಗ್ಗೆಯಿಂದ ನಿಂತೇ ಇದ್ದೆನೆಂದು ಗೊತ್ತಾಯಿತು.

ಈಗ ಇಲ್ಲಿ ಯಾರಿಗೂ ಹೇಳದ ಮಾತು. ನೀವು ಎದ್ದು ಬಂದು ವಿಚಾರಿಸುವವರಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಎಲೆ ದಿನಕ್ಕೆ ಎಷ್ಟು ಬೆಳೆಯುತ್ತದೆಂದು ನನಗೆ ಗೊತ್ತು. ಗೆರೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಚಳಿ ನಿಂತದ್ದು ನಾಲ್ಕು ದಿನಗಳ ಹಿಂದೆ. ಅದಕ್ಕೆ ಮುಂಚಿನ ಮೂರು ದಿನ ಹುಸೇನವ್ವ ಮೊಮ್ಮಗಳ ಬಾಣಂತನಕ್ಕೆಂದು ಪಕ್ಕದ ಊರಿಗೆ ಹೋಗಿದ್ದಳು, ಸಸಿಮನೆ ನನ್ನ ಕೈಯಲ್ಲಿತ್ತು. ಮೊದಲ ದಿನ ನಸುಕಿನಲ್ಲಿ ಆಕಾಶ ತಿಳಿಯಾಗಿದೆಯೆಂದು ಯಾರೋ ಅಂದರು. ಬೆಳ್ಳಿಚುಕ್ಕಿ ಕಂಡೀತೇನೋ ಎಂದು ಕಿಂಡಿ ತೆರೆದೆ. ಕಂಡಿತು. ಧೂಳು ಇಳಿದ ಮೇಲೂ ನಸುಕಿನ ಮಬ್ಬು ಉಳಿದಿತ್ತು; ನನ್ನ ಐವತ್ತೊಂದು ವರ್ಷದಲ್ಲಿ ಇದೇ ಮೊದಲ ಸಲ. ನೋಡುತ್ತ ನಿಂತವನು ಕಿಂಡಿಯನ್ನು ಮರೆತೆ. ಮೂರು ದಿನವೂ ಕೊರೆಯುವ ಗಾಳಿ ಸಸಿಗಳ ಮೇಲೆ ಹಾಯುತ್ತಿತ್ತು. ನಾನು ಕೈ ಕಟ್ಟಿಕೊಂಡು ಹಳೆಯ ಎಲೆಗಳ ಹಸಿರು ತುದಿಗಳನ್ನು ನೋಡಿ, ಎಲ್ಲ ಸರಿಯಿದೆ ಎಂದು ವರದಿ ಕೊಡುತ್ತಿದ್ದೆ. ಹುಸೇನವ್ವ ಬಂದವಳೇ ಕಿಂಡಿ ಮುಚ್ಚಿದಳು.

ಶಿವಪುತ್ರ ಡಬ್ಬಿ ಎತ್ತಿಕೊಂಡು ಹೋದ ಆ ಸಂಜೆ ಅವಳು ಗಂಜಿಯ ಬಟ್ಟಲು ತೊಳೆಯುತ್ತ ಕೇಳಿದಳು: "ಕಿಂಡಿ ತಗದಾವ ಯಾರಂತ ಎಲಿ ಹೇಳಲಿಲ್ಲೇನೋ ತಮ್ಮಾ?"

"ದಿನ ಹೇಳತೈತಿ, ಯಕ್ಕಾ. ಹೆಸರು ಹೇಳಂಗಿಲ್ಲ."

"ನಿನ್ನ ಪುಣ್ಯಾ."

ನಿನ್ನೆ ತೆನೆ ಬಡಿದೆವು. ಇನ್ನೂರ ಒಂಬತ್ತು ಗಿಡಗಳ ಕಾಳು. ಬಿತ್ತನೆಗೆ ತೆಗೆದಿಟ್ಟ ಮೇಲೆ ಒಂದು ಪಾಲನ್ನು ನಿಮ್ಮ ಭರಣಿಗೇ ತುಂಬಿ ಮೇಣ ಹಾಕಿದ್ದೇವೆ. ತಗಡು ನಿಮ್ಮದೇ. ನಿಮ್ಮ ಸಾಲಿನ ಕೆಳಗೆ ಜಾಗವಿತ್ತು, ಮೊಳೆಯಿಂದ ಕೊರೆದೆ: "ತುದಿ ಬಿಳಿಯಾದರೆ ಸುಡಬೇಡಿ, ಸುಳಿ ಬಿಚ್ಚಿ ನೋಡಿ." ಹೆಸರು ಹಾಕಲಿಲ್ಲ, ನೀವೂ ಹಾಕಿರಲಿಲ್ಲ.

ಉಳಿದ ಹಿಡಿ ಕಾಳನ್ನು ಬೀಸಿ ಹುಸೇನವ್ವ ರೊಟ್ಟಿ ಬಡಿದಳು. ಬಡಿಯುವುದು ಅವಳೊಬ್ಬಳಿಗೇ ನೆನಪಿರುವುದು. ಮೊದಲಿನ ಎರಡು ಹರಿದವು, ಮೂರನೆಯದು ಉಬ್ಬಿತು. ತುಣುಕು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ನಿಮಗೆ ತಿಳಿಸಲು ಹೇಳಿದ್ದಾಳೆ: "ತಗಡಿನ್ಯಾಗ ಬರದಾವ ಸುಳ್ಳ ಹೇಳಿಲ್ಲ."

ಕಿಂಡಿ ಮುಚ್ಚಿಯೇ ಇದೆ. ಈಗಷ್ಟೇ ಎದ್ದು ಹೋಗಿ ನೋಡಿ ಬಂದೆ.

ನಿಮ್ಮವ,
ಮಡಿವಾಳಪ್ಪ